ಲೂಯಿಸಿಯಾನಾದ ಲಾಂಗ್ ಮನೆತನ

ಅಮೆರಿಕದ ದಕ್ಷಿಣದ ರಾಜ್ಯ ಲೂಯಿಸಿಯಾನಾದಲ್ಲಿ 1928ರಿಂದ 1960ರವರೆಗೆ ಲೆಕ್ಕಕ್ಕಿದ್ದದ್ದು ಒಂದೇ ಪಕ್ಷ, ಡೆಮಾಕ್ರಟಿಕ್ ಪಕ್ಷ. ರಿಪಬ್ಲಿಕನ್ನರು ಹೆಸರಿಗಷ್ಟೇ ಇದ್ದರು. ಹೀಗಾಗಿ ಡೆಮಾಕ್ರಟಿಕ್ ಅಭ್ಯರ್ಥಿ ಯಾರೆಂದು ತೀರ್ಮಾನಿಸುವ ಪ್ರಾಥಮಿಕ ಚುನಾವಣೆಯೇ ಅಲ್ಲಿ ನಿಜವಾದ ಚುನಾವಣೆಯಾಗಿತ್ತು. ಅದರಲ್ಲಿ ಎರಡು ಗಟ್ಟಿ ಬಣಗಳು ಎದುರಾಗುತ್ತಿದ್ದವು: ಲಾಂಗ್ ಬಣ ಮತ್ತು ಲಾಂಗ್ ವಿರೋಧಿ ಬಣ. ಒಂದು ಮನೆತನದ ಹೆಸರೇ ಇಡೀ ರಾಜ್ಯವನ್ನು ಮೂರು ದಶಕಗಳ ಕಾಲ ಎರಡು ಪಾಲು ಮಾಡಿದ್ದು ಅಮೆರಿಕದ ರಾಜಕೀಯ ಚರಿತ್ರೆಯಲ್ಲೂ ಅಪರೂಪ. ಆದರೆ ಆ ಮನೆತನವೂ ಅದು ಕಟ್ಟಿದ ಚುನಾವಣಾ ಯಂತ್ರವೂ ಜೊತೆಯಾಗಿ ನಡೆದ ಕಾಲ ತೀರ ಕಡಿಮೆ. ಯಂತ್ರ ಬಲವಾಗಿದ್ದಾಗ ಅಣ್ಣತಮ್ಮಂದಿರು ಒಬ್ಬರ ವಿರುದ್ಧ ಒಬ್ಬರು ಸಾಕ್ಷಿ ಹೇಳುತ್ತಿದ್ದರು. ಕಟ್ಟಿದವನು ಸತ್ತ ಮೇಲೆ ಯಂತ್ರ ಹೊರಗಿನವರ ಕೈ ಸೇರಿತು. ಮನೆತನ ಮತ್ತೆ ಅಧಿಕಾರಕ್ಕೆ ಬಂದಾಗ ಹಳೆಯ ಯಂತ್ರ ಅರ್ಧ ಕಳಚಿಹೋಗಿತ್ತು.

ಲಾಂಗ್ ಬಣಕ್ಕೆ ಮುಂಚಿನ ಲೂಯಿಸಿಯಾನಾವನ್ನು ಆಳುತ್ತಿದ್ದವರು ಹತ್ತಿ ಮತ್ತು ಕಬ್ಬಿನ ತೋಟಗಳ ಒಡೆಯರು, ನ್ಯೂ ಆರ್ಲಿಯನ್ಸ್ ನಗರದ ವರ್ತಕರು ಮತ್ತು ಅದೇ ನಗರದ 'ಓಲ್ಡ್ ರೆಗ್ಯುಲರ್ಸ್' ಎಂಬ ವಾರ್ಡ್ ಮಟ್ಟದ ಸಂಘಟನೆ. ತೈಲ ಸಿಕ್ಕ ಮೇಲೆ ರಾಜಧಾನಿ ಬ್ಯಾಟನ್ ರೂಜ್‌ನಲ್ಲಿ ದೊಡ್ಡ ಶುದ್ಧೀಕರಣ ಘಟಕವಿದ್ದ ಸ್ಟ್ಯಾಂಡರ್ಡ್ ಆಯಿಲ್ ಕಂಪನಿಯೂ ಇವರ ಸಾಲಿಗೆ ಸೇರಿತು. ಇವರ ಆಳ್ವಿಕೆಗೆ ಬುನಾದಿ 1898ರ ರಾಜ್ಯ ಸಂವಿಧಾನ. ಅಕ್ಷರ ಪರೀಕ್ಷೆ, ಆಸ್ತಿಯ ಷರತ್ತು, ಮತದಾರನ ತೆರಿಗೆಗಳ ಮೂಲಕ ಅದು ಕರಿಯರನ್ನು ಮತಪಟ್ಟಿಯಿಂದ ಅಳಿಸಿಹಾಕಿತು. 1896ರಲ್ಲಿ 1,30,334 ಇದ್ದ ಕರಿಯ ಮತದಾರರ ಸಂಖ್ಯೆ 1904ರಲ್ಲಿ 1,342ಕ್ಕೆ ಇಳಿದಿತ್ತು. ಅದೇ ಏಟಿಗೆ ಬಡ ಬಿಳಿಯರಲ್ಲೂ ಸಾವಿರಾರು ಜನ ಮತ ಕಳೆದುಕೊಂಡರು. ವರ್ಷಕ್ಕೆ ಒಂದು ಡಾಲರ್ ತೆರಿಗೆ ಕಟ್ಟಿದ ರಸೀದಿ ತೋರಿಸಿದವನಿಗಷ್ಟೇ ಮತಗಟ್ಟೆಯೊಳಗೆ ಪ್ರವೇಶ. ಗೇಣಿಗೆ ಹತ್ತಿ ಬೆಳೆಯುವವನಿಗೆ ಆ ಡಾಲರ್ ಸಣ್ಣ ಮೊತ್ತವಾಗಿರಲಿಲ್ಲ. ಇಂಥ ಸರಕಾರಕ್ಕೆ ಹಳ್ಳಿಯ ಕಡೆ ನೋಡುವ ಅಗತ್ಯ ಬೀಳಲಿಲ್ಲ. 1928ರಲ್ಲಿ ಇಡೀ ರಾಜ್ಯದಲ್ಲಿ ಗಟ್ಟಿ ಹೊದಿಕೆಯ ರಸ್ತೆ ಇದ್ದದ್ದು ಸುಮಾರು 300 ಮೈಲಿ. ಉಳಿದದ್ದು ಮಳೆ ಬಂದರೆ ಕೆಸರು, ಬಿಸಿಲು ಬಂದರೆ ಧೂಳು.

ಹ್ಯೂಯಿ ಪಿಯರ್ಸ್ ಲಾಂಗ್ ಹುಟ್ಟಿದ್ದು 1893ರ ಆಗಸ್ಟ್ 30ರಂದು, ರಾಜ್ಯದ ಉತ್ತರದ ಗುಡ್ಡಗಾಡಿನ ವಿನ್ ಪ್ಯಾರಿಷ್‌ನಲ್ಲಿ. ಬೇರೆ ಅಮೆರಿಕನ್ ರಾಜ್ಯಗಳಲ್ಲಿ ಕೌಂಟಿ ಎನ್ನುವ ಆಡಳಿತ ಘಟಕಕ್ಕೆ ಲೂಯಿಸಿಯಾನಾದಲ್ಲಿ ಪ್ಯಾರಿಷ್ ಎಂದು ಹೆಸರು. ಒಟ್ಟು 64 ಇವೆ. ವಿನ್ ಬಡವರ ನೆಲ, ಹಠಮಾರಿಗಳ ನೆಲವೂ ಹೌದು. 1861ರಲ್ಲಿ ಒಕ್ಕೂಟದಿಂದ ಬೇರೆಯಾಗುವುದಕ್ಕೆ ವಿನ್‌ನ ಪ್ರತಿನಿಧಿ ಒಪ್ಪಲಿಲ್ಲ. 1890ರ ದಶಕದಲ್ಲಿ ಅದು ರೈತಪರ ಪಾಪ್ಯುಲಿಸ್ಟ್ ಪಕ್ಷದ ಕೋಟೆಯಾಗಿತ್ತು. 1912ರ ಅಧ್ಯಕ್ಷ ಚುನಾವಣೆಯಲ್ಲಿ ಸಮಾಜವಾದಿ ಅಭ್ಯರ್ಥಿ ಯೂಜೀನ್ ಡೆಬ್ಸ್‌ಗೆ ಅಲ್ಲಿ ಮೂರರಲ್ಲಿ ಒಂದು ಪಾಲಿನಷ್ಟು ಮತ ಬಿತ್ತು. ಲಾಂಗ್ ಕುಟುಂಬ ಮಾತ್ರ ಆ ಊರಿನ ಮಟ್ಟಿಗೆ ಸ್ಥಿತಿವಂತರದು, ತಕ್ಕಷ್ಟು ಜಮೀನಿತ್ತು. ಮುಂದೆ ಭಾಷಣಗಳಲ್ಲಿ ಹ್ಯೂಯಿ ಹೇಳಿಕೊಳ್ಳುತ್ತಿದ್ದ ಬಡತನದ ಕಥೆಯಲ್ಲಿ ಉಪ್ಪು ಖಾರ ಸಾಕಷ್ಟಿದೆ. ಅವನು ಊರೂರು ತಿರುಗಿ ಅಡುಗೆ ಕೊಬ್ಬು ಮಾರಿದ. ಆ ವ್ಯಾಪಾರದ ಭಾಗವಾಗಿ ನಡೆಸಿದ ಕೇಕ್ ಸ್ಪರ್ಧೆಯೊಂದರಲ್ಲಿ ರೋಸ್ ಮೆಕಾನೆಲ್ ಪರಿಚಯವಾಗಿ 1913ರಲ್ಲಿ ಮದುವೆಯಾದ. ಟುಲೇನ್ ವಿಶ್ವವಿದ್ಯಾಲಯದಲ್ಲಿ ಒಂದು ವರ್ಷವೂ ತುಂಬದ ಕಾನೂನು ಓದಿನ ಬಲದಿಂದಲೇ 1915ರಲ್ಲಿ ವಕೀಲನಾದ. ಮನೆ ಮನೆ ಬಾಗಿಲು ತಟ್ಟಿ ಮಾರುವ ಕಸುಬು ಅವನಿಗೆ ಕಾನೂನಿಗಿಂತ ಹೆಚ್ಚು ಉಪಯೋಗಕ್ಕೆ ಬಂತು.

1918ರಲ್ಲಿ, 25ನೆಯ ವಯಸ್ಸಿಗೆ, ಹ್ಯೂಯಿ ರಾಜ್ಯದ ರೈಲ್ವೆ ಆಯೋಗಕ್ಕೆ ಗೆದ್ದ. ಮುಂದೆ ಸಾರ್ವಜನಿಕ ಸೇವಾ ಆಯೋಗ ಎಂದು ಹೆಸರು ಬದಲಿಸಿಕೊಂಡ ಈ ಸಂಸ್ಥೆ ಅಲ್ಲಿಯವರೆಗೆ ನಿದ್ದೆ ಹೊಡೆಯುತ್ತಿತ್ತು. ಅವನು ಅದನ್ನು ಅಖಾಡ ಮಾಡಿಕೊಂಡ. ಟೆಲಿಫೋನ್ ಕಂಪನಿ ಏರಿಸಿದ್ದ ದರವನ್ನು ಇಳಿಸಿ ಗ್ರಾಹಕರಿಗೆ ಹಣ ವಾಪಸು ಕೊಡಿಸಿದ. ಪೈಪ್‌ಲೈನ್‌ಗಳ ಮೇಲೆ ಸ್ಟ್ಯಾಂಡರ್ಡ್ ಆಯಿಲ್‌ಗಿದ್ದ ಹಿಡಿತದ ವಿರುದ್ಧ ಹೋರಾಟ ಹೂಡಿದ. ಇದಕ್ಕೆ ಒಂದು ಸ್ವಂತ ಕಾರಣವೂ ಇತ್ತು: ಅವನು ಷೇರು ಕೊಂಡಿದ್ದ ಸಣ್ಣ ತೈಲ ಕಂಪನಿಗಳು ಸ್ಟ್ಯಾಂಡರ್ಡ್ ಆಯಿಲ್ ತೈಲ ಕೊಳ್ಳುವುದನ್ನು ನಿಲ್ಲಿಸಿದ್ದರಿಂದ ನೆಲ ಕಚ್ಚಿದ್ದವು. 1924ರಲ್ಲಿ ಗವರ್ನರ್ ಸ್ಥಾನಕ್ಕೆ ನಿಂತು ಮೂರನೆಯವನಾದ. ಅಮೆರಿಕದ ರಾಜ್ಯದಲ್ಲಿ ಗವರ್ನರ್ ಎಂದರೆ ಜನರಿಂದ ನೇರವಾಗಿ ಚುನಾಯಿತನಾದ ಕಾರ್ಯಾಂಗದ ಮುಖ್ಯಸ್ಥ. ಅಧಿಕಾರದಲ್ಲಿ ನಮ್ಮ ರಾಜ್ಯಪಾಲರಿಗಲ್ಲ, ಮುಖ್ಯಮಂತ್ರಿಗೆ ಹತ್ತಿರ. 1928ರಲ್ಲಿ ಮತ್ತೆ ನಿಂತಾಗ ಮೊದಲ ಸುತ್ತಿನಲ್ಲೇ ಸುಮಾರು ಶೇ 44 ಮತ ಬಂತು. ಎದುರಾಳಿಗಳು ಎರಡನೆಯ ಸುತ್ತಿಗೆ ನಿಲ್ಲಲಿಲ್ಲ. ಉತ್ತರದ ಪ್ರಾಟೆಸ್ಟೆಂಟ್ ಗುಡ್ಡಗಾಡಿನವರೂ ದಕ್ಷಿಣದ ಫ್ರೆಂಚ್ ಮೂಲದ ಕ್ಯಾಥೊಲಿಕ್ ರೈತರೂ ಒಬ್ಬನಿಗೇ ಮತ ಹಾಕಿದ್ದು ಆ ರಾಜ್ಯಕ್ಕೆ ಹೊಸದು. ಅದುವರೆಗೆ ಧರ್ಮದ ಗೆರೆ ಅವರನ್ನು ಬೇರೆ ಬೇರೆ ಇಟ್ಟಿತ್ತು.

ಗವರ್ನರ್ ಆದ ಮೊದಲ ವರ್ಷದಲ್ಲೇ ಶಾಲಾ ಮಕ್ಕಳಿಗೆ ಉಚಿತ ಪಠ್ಯಪುಸ್ತಕ ಬಂತು. ಚರ್ಚ್ ಶಾಲೆಯ ಮಕ್ಕಳಿಗೂ ಪುಸ್ತಕ ಕೊಟ್ಟದ್ದನ್ನು ಪ್ರಶ್ನಿಸಿದ ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಪುಸ್ತಕ ಮಗುವಿಗೇ ಹೊರತು ಶಾಲೆಗಲ್ಲ ಎಂಬ ವಾದ 1930ರಲ್ಲಿ ಗೆದ್ದಿತು. ನೆಲದಿಂದ ತೆಗೆಯುವ ತೈಲ, ಅನಿಲಗಳ ಮೇಲಿನ ತೆರಿಗೆ ಈ ಖರ್ಚನ್ನು ಹೊತ್ತಿತು. ಸಾಲಪತ್ರಗಳ ಹಣದಿಂದ ರಸ್ತೆ, ಸೇತುವೆಗಳು ಶುರುವಾದವು. ರಸ್ತೆ ಹಾಕಿದ ಕ್ರಮದಲ್ಲೇ ಒಂದು ಜಾಣತನವಿತ್ತು. ಒಂದೇ ಕಡೆ ಪೂರ್ತಿ ರಸ್ತೆ ಮುಗಿಸುವ ಬದಲು ಪ್ಯಾರಿಷ್‌ಗೆ ಕೆಲವೇ ಮೈಲಿಯಂತೆ ಎಲ್ಲ ಕಡೆ ತುಣುಕು ತುಣುಕಾಗಿ ಹಾಕಿಸಲಾಯಿತು. ಒಳ್ಳೆಯ ರಸ್ತೆಯ ರುಚಿ ಹತ್ತಿದ ಜನ ಉಳಿದದ್ದನ್ನು ತಾವಾಗಿಯೇ ಕೇಳುತ್ತಾರೆ, ಅದಕ್ಕಾಗಿ ಮತವನ್ನೂ ಹಾಕುತ್ತಾರೆ ಎಂಬುದು ಲೆಕ್ಕ. ಲೆಕ್ಕ ತಪ್ಪಲಿಲ್ಲ. 1935ರ ಹೊತ್ತಿಗೆ ಕಾಂಕ್ರೀಟ್ ಮತ್ತು ಡಾಂಬರು ರಸ್ತೆ 2,000 ಮೈಲಿ ದಾಟಿತ್ತು. ವಯಸ್ಕರ ಅಕ್ಷರ ತರಗತಿಗಳಲ್ಲಿ ಸುಮಾರು ಒಂದು ಲಕ್ಷ ಜನ ಕಲಿತರು. ಅವರಲ್ಲಿ ಕರಿಯರೂ ಇದ್ದರು.

1929ರ ಮಾರ್ಚ್‌ನಲ್ಲಿ ಹ್ಯೂಯಿ ಶುದ್ಧೀಕರಿಸಿದ ತೈಲದ ಮೇಲೆ ಬ್ಯಾರೆಲ್‌ಗೆ ಐದು ಸೆಂಟ್ ತೆರಿಗೆ ಹಾಕಲು ಹೊರಟಾಗ ಶಾಸನಸಭೆ ತಿರುಗಿ ಬಿತ್ತು. ಸಭೆಯಲ್ಲಿ ಕೈಕೈ ಮಿಲಾಯಿಸುವವರೆಗೆ ಹೋದ ಗಲಾಟೆಯ ನಂತರ ಕೆಳಮನೆ ಅವನ ಮೇಲೆ ಮಹಾಭಿಯೋಗ ಹೊರಿಸಿತು: ಲಂಚ, ರಾಜ್ಯದ ಹಣದ ದುರುಪಯೋಗ, ಪತ್ರಿಕೆಯವರಿಗೆ ಬೆದರಿಕೆ ಇತ್ಯಾದಿ. ಶಿಕ್ಷೆಗೆ ರಾಜ್ಯದ ಮೇಲ್ಮನೆಯಾದ ಸೆನೆಟ್‌ನ 39 ಸದಸ್ಯರಲ್ಲಿ ಮೂರನೇ ಎರಡರಷ್ಟು ಜನ ಬೇಕು. ವಿಚಾರಣೆ ಇನ್ನೂ ಆರಂಭದಲ್ಲಿರುವಾಗಲೇ 15 ಸೆನೆಟರ್‌ಗಳು ಸಹಿ ಹಾಕಿದ ಕಾಗದ ಹೊರಬಂತು. ಸಾಕ್ಷ್ಯ ಏನೇ ಇರಲಿ, ತಾವು ಶಿಕ್ಷೆಗೆ ಮತ ಹಾಕುವುದಿಲ್ಲ ಎಂಬುದು ಅದರ ಸಾರ. ವಿಚಾರಣೆ ಅಲ್ಲಿಗೇ ಬಿತ್ತು. ಸಹಿ ಹಾಕಿದವರಿಗೆ ಹುದ್ದೆ, ಗುತ್ತಿಗೆ, ರಸ್ತೆಗಳು ತಲುಪಿದವು. ಈ ಪ್ರಕರಣದಿಂದ ಹ್ಯೂಯಿ ಕಲಿತ ಪಾಠ ಒಂದೇ. ಜನರ ಮತ ಗೆದ್ದರೆ ಸಾಲದು, ಎಣಿಸುವವನೂ ತೆರಿಗೆ ಎತ್ತುವವನೂ ಸಂಬಳ ಬರೆಯುವವನೂ ತನ್ನವರೇ ಆಗಬೇಕು. ಲಾಂಗ್ ಯಂತ್ರದ ನಿಜವಾದ ಹುಟ್ಟು 1928ರ ಗೆಲುವಿನಲ್ಲಲ್ಲ, 1929ರ ಈ ಕಂಟಕದಲ್ಲಿ.

ಯಂತ್ರದ ಮೂಲ ಇಂಧನ ಸರಕಾರಿ ನೌಕರಿ. ಹೆದ್ದಾರಿ ಆಯೋಗ, ಆಸ್ಪತ್ರೆಗಳು, ಸೆರೆಮನೆ, ನದಿ ಒಡ್ಡುಗಳ ಮಂಡಳಿಗಳು, ಎಲ್ಲೆಲ್ಲೂ ಹಳಬರು ಹೋಗಿ ಬಣದವರು ಬಂದರು. ದೊಡ್ಡ ಹುದ್ದೆ ಕೊಡುವಾಗ ತಾರೀಖಿಲ್ಲದ ರಾಜೀನಾಮೆ ಪತ್ರ ಮೊದಲೇ ಬರೆಸಿಕೊಳ್ಳುವ ವಾಡಿಕೆ ಬೆಳೆಯಿತು. ನೌಕರರ ಸಂಬಳದಿಂದ ಪಕ್ಷದ ಪಾಲು ಕಡಿತವಾಗುತ್ತಿತ್ತು, ಸಾಮಾನ್ಯವಾಗಿ ಶೇ 5ರಿಂದ 10. ಗುತ್ತಿಗೆದಾರರು ಕೊಡುವ ವಂತಿಗೆ ಬೇರೆ. ಈ ನಗದು ಸೇರುತ್ತಿದ್ದದ್ದು 'ಡಿಡಕ್ಟ್ ಬಾಕ್ಸ್' ಎಂದೇ ಕುಖ್ಯಾತವಾದ ಪೆಟ್ಟಿಗೆಗೆ. ನ್ಯೂ ಆರ್ಲಿಯನ್ಸ್‌ನ ರೂಸ್‌ವೆಲ್ಟ್ ಹೋಟೆಲ್ ಬಣದ ಕಚೇರಿಯಂತಿತ್ತು. ಅದರ ಯಜಮಾನಿಕೆ ನಡೆಸುತ್ತಿದ್ದ ಸೀಮೋರ್ ವೈಸ್ ಖಜಾಂಚಿ. ಪತ್ರಿಕೆಗಳು ಬಹುಪಾಲು ವಿರೋಧಿಗಳ ಕಡೆ ಇದ್ದದ್ದರಿಂದ 1930ರಲ್ಲಿ 'ಲೂಯಿಸಿಯಾನಾ ಪ್ರೋಗ್ರೆಸ್' ಎಂಬ ಸ್ವಂತ ಪತ್ರಿಕೆ ಶುರುವಾಯಿತು. ಚಂದಾದಾರರನ್ನು ಹಿಡಿದು ತರುವ ಹೊಣೆಯೂ ನೌಕರರದೇ, ಹಂಚಲು ಸರಕಾರಿ ವಾಹನಗಳೂ ಓಡಿದವು. ಭಾಷಣಕ್ಕೆ ಧ್ವನಿವರ್ಧಕ ಕಟ್ಟಿದ ಟ್ರಕ್‌ಗಳು, ಗಂಟೆಗಟ್ಟಲೆ ರೇಡಿಯೋ ಮಾತು ಆ ಕಾಲಕ್ಕೆ ಹೊಸ ಉಪಾಯಗಳು.

ಇಷ್ಟೆಲ್ಲದರ ಕೆಳಗೆ ಪ್ಯಾರಿಷ್ ಮಟ್ಟದ ಕೊಂಡಿ ಇತ್ತು, ಅದರ ಕೀಲಿ ಷೆರಿಫ್. ಲೂಯಿಸಿಯಾನಾದ ಷೆರಿಫ್ ಚುನಾಯಿತ ಪೊಲೀಸ್ ಮುಖ್ಯಸ್ಥ ಮಾತ್ರವಲ್ಲ, ಪ್ಯಾರಿಷ್‌ನ ತೆರಿಗೆ ವಸೂಲಿದಾರನೂ ಹೌದು. ಮತದಾರನ ತೆರಿಗೆ ಕಟ್ಟುವುದು ಅವನಲ್ಲಿಯೇ. ತನಗೆ ಬೇಕಾದವರ ಪರವಾಗಿ ತೆರಿಗೆ ತುಂಬಿ ರಸೀದಿ ಇಟ್ಟುಕೊಳ್ಳುವುದು ಹಳೆಯ ಚಾಳಿ. ಹ್ಯೂಯಿ ಬಂದ ಮೇಲೆ ಆ ರಸೀದಿಗಳು ಬಣ ಬದಲಿಸಿದವು. ಇನ್ನೊಂದು ಚಮತ್ಕಾರ ಮತಗಟ್ಟೆ ಅಧಿಕಾರಿಗಳದು. ಅಭ್ಯರ್ಥಿಗಳು ಸೂಚಿಸಿದ ಹೆಸರುಗಳಿಂದ ಚೀಟಿ ಎತ್ತಿ ಅವರನ್ನು ಆರಿಸುತ್ತಿದ್ದರು. ಸ್ಥಳೀಯ ಹುದ್ದೆಗಳಿಗೆ ಹತ್ತಾರು ಡಮ್ಮಿ ಅಭ್ಯರ್ಥಿಗಳನ್ನು ನಿಲ್ಲಿಸಿದ ಬಣಕ್ಕೆ ಹೆಚ್ಚು ಚೀಟಿ. ಇದನ್ನು ಕಂಡುಹಿಡಿದವನು ಹ್ಯೂಯಿಯಲ್ಲ, ಓಲ್ಡ್ ರೆಗ್ಯುಲರ್ಸ್ ಸಹ ಇದರಲ್ಲಿ ಪಳಗಿದ್ದರು. ಹ್ಯೂಯಿಯದು ಹೊಸ ಪಾಪಗಳಿಗಿಂತ ಹಳೆಯ ಪಾಪಗಳ ವ್ಯವಸ್ಥಿತ ಬಳಕೆ. ಮೊದಲಿನವರು ಹೀಗೆ ಗೆದ್ದು ಜನರಿಗೆ ಏನನ್ನೂ ಕೊಟ್ಟಿರಲಿಲ್ಲ. ಇವನು ಗೆದ್ದು ರಸ್ತೆಯನ್ನಾದರೂ ಕೊಟ್ಟ ಎಂಬ ಸಮಾಧಾನ ಹಳ್ಳಿಗಳಲ್ಲಿ ಬಹಳ ಕಾಲ ಉಳಿಯಿತು. ಅದು ಪೂರ್ತಿ ಸುಳ್ಳೂ ಅಲ್ಲ.

1930ರಲ್ಲಿ ಅವಧಿ ಇನ್ನೂ ಅರ್ಧ ಉಳಿದಿರುವಾಗಲೇ ಹ್ಯೂಯಿ ವಾಷಿಂಗ್ಟನ್ನಿನ ಸೆನೆಟ್‌ಗೆ ನಿಂತು, ಹಳೆಯ ಸೆನೆಟರ್ ಜೋಸೆಫ್ ರ್‍ಯಾನ್ಸ್‌ಡೆಲ್‌ನನ್ನು ಸೋಲಿಸಿದ. ಆದರೆ ಹೋಗಿ ಕೂರಲಿಲ್ಲ. ಅವನು ಹೋದರೆ ಲೆಫ್ಟಿನೆಂಟ್ ಗವರ್ನರ್ ಪಾಲ್ ಸಿರ್ ಗವರ್ನರ್ ಆಗುತ್ತಿದ್ದ, ಇಬ್ಬರಿಗೂ ಮುಖಕ್ಕೆ ಮುಖ ಕೊಟ್ಟು ಮಾತಿರಲಿಲ್ಲ. 1931ರ ಅಕ್ಟೋಬರ್‌ನಲ್ಲಿ ಸಿರ್ ತಾನೇ ಗವರ್ನರ್ ಎಂದು ಪ್ರಮಾಣ ಸ್ವೀಕರಿಸಿಬಿಟ್ಟ. ಹ್ಯೂಯಿ ನ್ಯಾಷನಲ್ ಗಾರ್ಡ್ ಪಡೆ ಕರೆಸಿ ರಾಜಭವನ ಕಾಯಿಸಿದ. ಇಲ್ಲದ ಹುದ್ದೆಗೆ ಪ್ರಮಾಣ ತೆಗೆದುಕೊಂಡ ಸಿರ್ ತನ್ನ ಇದ್ದ ಹುದ್ದೆಯನ್ನೂ ಬಿಟ್ಟಂತಾಯಿತು ಎಂದು ವಾದಿಸಿ ಅವನನ್ನು ಹೊರಹಾಕಿದ. 1932ರ ಜನವರಿಯಲ್ಲಿ, ತನ್ನ ಊರಿನ ಬಾಲ್ಯಸ್ನೇಹಿತ ಓ.ಕೆ. ಅಲೆನ್ ಗವರ್ನರ್ ಸ್ಥಾನಕ್ಕೆ ಆರಿಸಿಬಂದ ಮೇಲೆ, ಹ್ಯೂಯಿ ಸೆನೆಟ್‌ಗೆ ಹೋದ. ಅಲೆನ್ ಮುಂದೆ ಬಂದ ಯಾವ ಕಾಗದಕ್ಕಾದರೂ ಸಹಿ ಹಾಕುತ್ತಾನೆ, ಕಿಟಕಿಯಿಂದ ಹಾರಿಬಂದ ಎಲೆಗೂ ಹಾಕಿದ್ದಾನೆ ಎಂಬ ಹಾಸ್ಯ ರಾಜ್ಯದ ತುಂಬ ಹಬ್ಬಿತ್ತು. ಅದೇ ವರ್ಷ ಬ್ಯಾಟನ್ ರೂಜ್‌ನಲ್ಲಿ 34 ಅಂತಸ್ತಿನ, 450 ಅಡಿ ಎತ್ತರದ ಹೊಸ ಶಾಸನಭವನ ತೆರೆಯಿತು. ಅಮೆರಿಕದ ರಾಜ್ಯ ಶಾಸನಭವನಗಳಲ್ಲಿ ಇಂದಿಗೂ ಅದೇ ಅತಿ ಎತ್ತರದ್ದು.

ಮನೆಯೊಳಗಿನ ಜಗಳ ಬೀದಿಗೆ ಬಂದದ್ದೂ ಆಗಲೇ. ಹ್ಯೂಯಿಗಿಂತ ಎರಡು ವರ್ಷ ಚಿಕ್ಕವನಾದ ಅರ್ಲ್ 1932ರಲ್ಲಿ ಲೆಫ್ಟಿನೆಂಟ್ ಗವರ್ನರ್ ಆಗಬೇಕೆಂದು ಬಯಸಿದ. ಒಂದೇ ಮನೆಯಿಂದ ಇಬ್ಬರು ಬೇಡವೆಂದು ಹ್ಯೂಯಿ ಬೇರೆಯವನನ್ನು ನಿಲ್ಲಿಸಿದ. ಅರ್ಲ್ ಅಣ್ಣನ ಪಟ್ಟಿಯ ವಿರುದ್ಧವೇ ನಿಂತು ಸೋತ. ಮರುವರ್ಷ ಸೆನೆಟ್ ಸಮಿತಿ ಲೂಯಿಸಿಯಾನಾದ ಚುನಾವಣಾ ಅಕ್ರಮಗಳ ವಿಚಾರಣೆಗೆ ಬಂದಾಗ, ಹ್ಯೂಯಿ ಕಂಪನಿಯೊಂದರ ಕಡೆಯವರಿಂದ ಹಣ ಪಡೆದಿದ್ದಾನೆಂದು ಅರ್ಲ್ ಬಹಿರಂಗವಾಗಿ ಸಾಕ್ಷಿ ಹೇಳಿದ. ಇನ್ನೊಬ್ಬ ಅಣ್ಣ ಜೂಲಿಯಸ್ ಕೂಡ ಅದೇ ಸಾಲಿಗೆ ನಿಂತ. ಯಂತ್ರ ಆಗ ಒಬ್ಬ ವ್ಯಕ್ತಿಯ ಸ್ವತ್ತು. ರಕ್ತಸಂಬಂಧಕ್ಕೆ ಅಲ್ಲಿ ಜಾಗವಿರಲಿಲ್ಲ.

1934-35ರಲ್ಲಿ ಈ ಸ್ವತ್ತು ಸರ್ವಾಧಿಕಾರದ ಅಂಚಿಗೆ ಬಂತು. ಹ್ಯೂಯಿ ಸೆನೆಟರ್, ರಾಜ್ಯದಲ್ಲಿ ಯಾವ ಹುದ್ದೆಯೂ ಇಲ್ಲ. ಆದರೂ ಸಾಲುಸಾಲಾಗಿ ಕರೆದ ವಿಶೇಷ ಅಧಿವೇಶನಗಳಲ್ಲಿ ಅವನೇ ಸಭೆಯೊಳಗೆ ಓಡಾಡಿ, ಸಮಿತಿಗಳಲ್ಲಿ ಕೂತು, ಮಸೂದೆಗಳನ್ನು ಓದುವ ಪುರುಸೊತ್ತೂ ಕೊಡದೆ ಪಾಸು ಮಾಡಿಸಿದ. ಊರಿನ ಪೊಲೀಸರ ನೇಮಕ, ಶಾಲಾ ಶಿಕ್ಷಕರ ನೇಮಕ, ಆಸ್ತಿ ತೆರಿಗೆಯ ಅಂದಾಜು, ಮತಗಟ್ಟೆ ಅಧಿಕಾರಿಗಳ ಆಯ್ಕೆ ಎಲ್ಲವೂ ರಾಜ್ಯದ ಕೈಗೆ, ಅಂದರೆ ಬಣದ ಕೈಗೆ ಹೋದವು. ದೊಡ್ಡ ಪತ್ರಿಕೆಗಳ ಜಾಹೀರಾತು ವರಮಾನದ ಮೇಲೆ ಶೇ 2 ತೆರಿಗೆ ಬಿತ್ತು. ಪತ್ರಿಕಾ ಸ್ವಾತಂತ್ರ್ಯಕ್ಕೆ ವಿರುದ್ಧವೆಂದು 1936ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದುಗೊಳಿಸಿತು. ತನ್ನದೇ ಮಗುವಿನಂತೆ ಬೆಳೆಸಿದ ಲೂಯಿಸಿಯಾನಾ ರಾಜ್ಯ ವಿಶ್ವವಿದ್ಯಾಲಯದ ವಿದ್ಯಾರ್ಥಿ ಪತ್ರಿಕೆ ತನ್ನನ್ನು ಟೀಕಿಸಿತೆಂದು ಅದಕ್ಕೂ ಕತ್ತರಿ ಹಾಕಿಸಿದ. ಈ ಕಾನೂನುಗಳ ನಡುವೆಯೇ 1934ರಲ್ಲಿ ಮತದಾರನ ತೆರಿಗೆ ರದ್ದಾಯಿತು, ಸಣ್ಣ ಮನೆಗಳಿಗೆ ಆಸ್ತಿ ತೆರಿಗೆಯಿಂದ ವಿನಾಯಿತಿ ಸಿಕ್ಕಿತು. ಬಡ ಬಿಳಿಯರಿಗೆ ಮತಪೆಟ್ಟಿಗೆ ತೆರೆದದ್ದು ಪ್ರಜಾಪ್ರಭುತ್ವವನ್ನು ಕೈಯಲ್ಲಿ ಹಿಸುಕುತ್ತಿದ್ದವನೇ. ಕರಿಯರಿಗೆ ಮಾತ್ರ ಅದು ತೆರೆಯಲಿಲ್ಲ. ನೋಂದಣಿ ಅಧಿಕಾರಿಯ ವಿವೇಚನೆ ಮತ್ತು ಬಿಳಿಯರಿಗಷ್ಟೇ ಮೀಸಲಾದ ಪ್ರಾಥಮಿಕ ಚುನಾವಣೆ ಹಾಗೆಯೇ ಉಳಿದವು. ಹ್ಯೂಯಿ ಜನಾಂಗದ್ವೇಷವನ್ನು ಬಂಡವಾಳ ಮಾಡಿಕೊಂಡದ್ದು ಆ ಕಾಲದ ದಕ್ಷಿಣದ ಇತರ ನಾಯಕರಿಗಿಂತ ಕಡಿಮೆ, ಅದರ ಕಟ್ಟಳೆಯನ್ನು ಮುರಿಯುವ ಗೋಜಿಗೂ ಹೋಗಲಿಲ್ಲ.

ರಾಷ್ಟ್ರಮಟ್ಟದಲ್ಲಿ ಅವನು 1934ರ ಫೆಬ್ರುವರಿಯಲ್ಲಿ ಸಾರಿದ 'ಸಂಪತ್ತು ಹಂಚಿಕೆ' ಕಾರ್ಯಕ್ರಮ ದೊಡ್ಡ ಅಲೆ ಎಬ್ಬಿಸಿತು: ದೊಡ್ಡ ಸಂಪತ್ತಿಗೆ ಮಿತಿ, ಪ್ರತಿ ಕುಟುಂಬಕ್ಕೆ 5,000 ಡಾಲರ್ ಮೌಲ್ಯದ ಮನೆಮಾರು, ವೃದ್ಧರಿಗೆ ಪಿಂಚಣಿ. ದೇಶದ ತುಂಬ 27,000 ಸಂಘಗಳಿವೆ ಎಂದು ಅವನ ಕಡೆಯವರು ಹೇಳಿಕೊಂಡರು. ಲೆಕ್ಕ ಕೂಡಿಸಿದರೆ ಹಂಚಲು ಅಷ್ಟು ಸಂಪತ್ತೇ ಇಲ್ಲವೆಂದು ಅರ್ಥಶಾಸ್ತ್ರ ಬಲ್ಲವರು ಹೇಳಿದ್ದು ಆರ್ಥಿಕ ಮಹಾಕುಸಿತದಲ್ಲಿ ಬೆಂದ ಜನರ ಕಿವಿಗೆ ಬೀಳಲಿಲ್ಲ. ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಒಕ್ಕೂಟ ಸರಕಾರದ ನೇಮಕಗಳನ್ನು ಲಾಂಗ್ ವಿರೋಧಿಗಳಿಗೆ ಕೊಟ್ಟ, ಬಣದವರ ವರಮಾನ ತೆರಿಗೆಯ ತನಿಖೆಯೂ ಚುರುಕಾಯಿತು.

1935ರ ಸೆಪ್ಟೆಂಬರ್ 8ರ ರಾತ್ರಿ ಶಾಸನಭವನದ ಮೊಗಸಾಲೆಯಲ್ಲಿ ಹ್ಯೂಯಿಗೆ ಗುಂಡು ತಗಲಿತು. ಎರಡು ದಿನದ ಮೇಲೆ ಸತ್ತ. ವಯಸ್ಸು 42. ಹಂತಕನೆಂದು ಹೆಸರಾದವನು ಕಾರ್ಲ್ ವೈಸ್ ಎಂಬ ವೈದ್ಯ. ಅವನ ಮಾವ, ನ್ಯಾಯಾಧೀಶ ಬೆಂಜಮಿನ್ ಪೇವಿ, ಬಣದ ವಿರೋಧಿ. ಪೇವಿಯ ಕ್ಷೇತ್ರದ ಗಡಿ ಬದಲಿಸಿ ಅವನ ಹುದ್ದೆ ಕೀಳುವ ಮಸೂದೆ ಆ ಅಧಿವೇಶನದಲ್ಲೇ ಮಂಡನೆಯಾಗಿತ್ತು. ಅಂಗರಕ್ಷಕರು ಕಾರ್ಲ್ ವೈಸ್‌ನನ್ನು ಸ್ಥಳದಲ್ಲೇ ಕೊಂದರು. ಅಂಗರಕ್ಷಕರದೇ ಗುಂಡು ಹ್ಯೂಯಿಗೆ ತಾಗಿತೆಂಬ ವಾದ ಅಂದಿನಿಂದಲೂ ನಡೆದಿದೆ. ಶವವನ್ನು ಶಾಸನಭವನದ ಎದುರಿನ ತೋಟದಲ್ಲೇ ಹೂಳಲಾಯಿತು.

ಯಂತ್ರದ ವಾರಸುದಾರರು ಮನೆಯವರಾಗಲಿಲ್ಲ. ಸೀಮೋರ್ ವೈಸ್, ಪೀಠೋಪಕರಣ ಮತ್ತು ಸ್ಥಿರಾಸ್ತಿ ವ್ಯವಹಾರದಲ್ಲಿ ಬೆಳೆದ ರಾಬರ್ಟ್ ಮೇಸ್ಟ್ರಿ ಮೊದಲಾದವರು ಸೇರಿ ರಿಚರ್ಡ್ ಲೆಶ್ ಎಂಬ ನ್ಯಾಯಾಧೀಶನನ್ನು ಗವರ್ನರ್ ಸ್ಥಾನಕ್ಕೆ ಆರಿಸಿದರು. ಸಾವಿಗೆ ಸ್ವಲ್ಪ ಮೊದಲು ಅಣ್ಣನೊಂದಿಗೆ ರಾಜಿಯಾಗಿದ್ದ ಅರ್ಲ್‌ಗೆ ಲೆಫ್ಟಿನೆಂಟ್ ಗವರ್ನರ್ ಸ್ಥಾನ ಸಿಕ್ಕಿತು. ಹುತಾತ್ಮನ ಹೆಸರು ಟಿಕೆಟ್ ಮೇಲೆ ಬೇಕಿತ್ತು, ಅಷ್ಟೇ. 1936ರ ಗೆಲುವು ನಿರಾಯಾಸ. ಹ್ಯೂಯಿಯ ಸೆನೆಟ್ ಸ್ಥಾನಕ್ಕೆ ಆಯ್ಕೆಯಾಗಲಿದ್ದ ಓ.ಕೆ. ಅಲೆನ್ ಆ ಜನವರಿಯಲ್ಲೇ ತೀರಿಕೊಂಡದ್ದರಿಂದ ಉಳಿದ ಅವಧಿಗೆ ಹ್ಯೂಯಿಯ ಹೆಂಡತಿ ರೋಸ್ ಲಾಂಗ್ ಸೆನೆಟರ್ ಆದಳು. ವಾಷಿಂಗ್ಟನ್‌ನೊಂದಿಗೆ ಸಂಧಾನವಾಯಿತು, ಬಣ ರೂಸ್‌ವೆಲ್ಟ್ ಪರ ನಿಂತಿತು, ತೆರಿಗೆ ಮೊಕದ್ದಮೆಗಳು ಬಹುಪಾಲು ಬಿದ್ದುಹೋದವು, ಒಕ್ಕೂಟದ ಹಣ ಹರಿಯಿತು. 1803ರಲ್ಲಿ ಫ್ರಾನ್ಸಿನಿಂದ ಲೂಯಿಸಿಯಾನಾವನ್ನು ಕೊಂಡದ್ದನ್ನು ನೆನೆದು ಪತ್ರಿಕೆಗಳು ಇದನ್ನು ಎರಡನೆಯ ಖರೀದಿ ಎಂದು ಅಣಕಿಸಿದವು. ಮೇಸ್ಟ್ರಿ ಚುನಾವಣೆಯೇ ನಡೆಯದೆ ನ್ಯೂ ಆರ್ಲಿಯನ್ಸ್‌ನ ಮೇಯರ್ ಆದ.

ಹ್ಯೂಯಿ ಹಣವನ್ನು ಅಧಿಕಾರಕ್ಕಾಗಿ ಬಳಸಿದ. ಇವರು ಅಧಿಕಾರವನ್ನು ಹಣಕ್ಕಾಗಿ ಬಳಸಿದರು. 1939ರ ಬೇಸಿಗೆಯಲ್ಲಿ ಎಲ್ಲ ಹೊರಬಿತ್ತು. ವಿಶ್ವವಿದ್ಯಾಲಯದ ಸಾಮಗ್ರಿ ಖಾಸಗಿ ಮನೆಯ ಕಟ್ಟಡಕ್ಕೆ ಇಳಿಯುತ್ತಿರುವ ಚಿತ್ರ ಪತ್ರಿಕೆಯಲ್ಲಿ ಬಂತು. ವಿಶ್ವವಿದ್ಯಾಲಯದ ಅಧ್ಯಕ್ಷ ಜೇಮ್ಸ್ ಮನ್ರೋ ಸ್ಮಿತ್ ಅದರ ಹೆಸರಿನಲ್ಲಿ ಸಾಲ ಎತ್ತಿ ಗೋಧಿ ಸಟ್ಟಾದಲ್ಲಿ ಕಳೆದುಕೊಂಡು ಕೆನಡಾಕ್ಕೆ ಓಡಿದ. ಜೂನ್ 26ರಂದು ಲೆಶ್ ರಾಜೀನಾಮೆ ಕೊಟ್ಟ. ಹೆದ್ದಾರಿ ಇಲಾಖೆಗೆ ಟ್ರಕ್ ಮಾರಿದ ವಂಚನೆಯ ಮೊಕದ್ದಮೆಯಲ್ಲಿ ಹತ್ತು ವರ್ಷದ ಶಿಕ್ಷೆಯಾಯಿತು. ಸೀಮೋರ್ ವೈಸ್ ಕೂಡ ಜೈಲು ಕಂಡ. ಗವರ್ನರ್ ಆಗಿ ಉಳಿದವನು ಅರ್ಲ್. ಹಗರಣದ ಕೊಳೆ ಮೈಮೇಲೆ ಬಿದ್ದಿದ್ದರೂ 1940ರ ಪ್ರಾಥಮಿಕ ಚುನಾವಣೆಯಲ್ಲಿ ಸುಧಾರಣಾವಾದಿ ಸ್ಯಾಮ್ ಜೋನ್ಸ್ ಎದುರು ಅವನು ಸೋತದ್ದು ಸುಮಾರು 19,000 ಮತಗಳಿಂದ ಮಾತ್ರ. ಜೋನ್ಸ್ ಅರ್ಹತೆಯ ಆಧಾರದ ಸರಕಾರಿ ನೌಕರಿ ಪದ್ಧತಿ ತಂದ. ಯಂತ್ರದ ಇಂಧನದ ಕೊಳವೆಗೆ ಅಲ್ಲಿ ಮೊದಲ ಬಿರಡೆ ಬಿತ್ತು.

ಅರ್ಲ್ ಲಾಂಗ್ ಅಣ್ಣನ ಪಡಿಯಚ್ಚಾಗಿರಲಿಲ್ಲ. ಹ್ಯೂಯಿಗೆ ದೇಶದ ಕನಸು, ಇವನಿಗೆ ಪ್ಯಾರಿಷ್‌ನ ಕನಸು. ಷೆರಿಫ್‌ಗಳ ಹೆಸರು, ಅವರ ಹೆಂಡತಿಯರ ಹೆಸರು, ಯಾರ ಮಗನಿಗೆ ಕೆಲಸ ಬೇಕು ಎಂಬುದೆಲ್ಲ ಅವನಿಗೆ ಬಾಯಿಪಾಠ. ಭಾಷಣ ಮುಗಿದ ಮೇಲೆ ಜನರ ನಡುವೆ ನಿಂತು ಕಲ್ಲಂಗಡಿ, ಹಂದಿ ಮಾಂಸ, ಬಡ್ಡಿಯ ಮಾತಾಡುವುದರಲ್ಲಿ ಅವನಿಗೆ ಸಾಟಿಯಿರಲಿಲ್ಲ. 1948ರಲ್ಲಿ ಅದೇ ಸ್ಯಾಮ್ ಜೋನ್ಸ್‌ನನ್ನು ಮೂರನೇ ಎರಡರಷ್ಟು ಮತ ಪಡೆದು ಸೋಲಿಸಿದ. ಬಂದವನೇ ನೌಕರಿ ಸುಧಾರಣೆಯನ್ನು ಕಿತ್ತುಹಾಕಿದ, ಮಾರಾಟ ತೆರಿಗೆ ಏರಿಸಿದ. ಆ ಹಣದಲ್ಲಿ ವೃದ್ಧರಿಗೆ ತಿಂಗಳಿಗೆ 50 ಡಾಲರ್ ಪಿಂಚಣಿ, ಮಕ್ಕಳಿಗೆ ಉಚಿತ ಮಧ್ಯಾಹ್ನದ ಊಟ, ಕರಿಯ ಮತ್ತು ಬಿಳಿಯ ಶಿಕ್ಷಕರಿಗೆ ಸಮಾನ ಸಂಬಳ ಕೊಟ್ಟ. ಅದೇ ನವೆಂಬರ್‌ನಲ್ಲಿ ಹ್ಯೂಯಿಯ ಮಗ ರಸೆಲ್, 30 ತುಂಬುವ ಹಿಂದಿನ ದಿನ, ಖಾಲಿಯಾಗಿದ್ದ ಸೆನೆಟ್ ಸ್ಥಾನಕ್ಕೆ ಗೆದ್ದ. ಅಪ್ಪ, ಅಮ್ಮ, ಮಗ ಮೂವರೂ ಸೆನೆಟರ್ ಆದ ಇನ್ನೊಂದು ಮನೆ ಅಮೆರಿಕದಲ್ಲಿಲ್ಲ. ಮನೆತನ ಒಂದಾಗಿ ನಿಂತ ಉಚ್ಛ್ರಾಯ ಕಾಲವೆಂದರೆ ಈ 1948 ಮಾತ್ರ. ನಾಲ್ಕೇ ವರ್ಷದಲ್ಲಿ, ಮುಂದಿನ ಗವರ್ನರ್ ಚುನಾವಣೆಯಲ್ಲಿ, ಅರ್ಲ್ ಕಾರ್ಲೋಸ್ ಸ್ಪಾಟ್ ಪರ, ರಸೆಲ್ ಹೇಲ್ ಬಾಗ್ಸ್ ಪರ ನಿಂತು ಎರಡೂ ಕಡೆ ಸೋತರು. ಗೆದ್ದ ರಾಬರ್ಟ್ ಕೆನನ್ ಈ ಬಾರಿ ನೌಕರಿ ಪದ್ಧತಿಯನ್ನು ಸಂವಿಧಾನಕ್ಕೇ ಸೇರಿಸಿದ, ಮತಯಂತ್ರಗಳನ್ನು ತಂದ. ಒಂದು ಕಾಗದದಿಂದ ನೌಕರಿ ಪದ್ಧತಿಯನ್ನು ಕಿತ್ತುಹಾಕುವ ದಾರಿ ಮುಚ್ಚಿತು.

ಗವರ್ನರ್ ಸತತ ಎರಡು ಅವಧಿ ಆಳುವಂತಿರಲಿಲ್ಲ; ಹಾಗಾಗಿ ಬಣಗಳು ಸರದಿಯಲ್ಲಿ ಬಂದು ಹೋಗುತ್ತಿದ್ದವು. 1956ರಲ್ಲಿ ಅರ್ಲ್, ನ್ಯೂ ಆರ್ಲಿಯನ್ಸ್‌ನ ಜನಪ್ರಿಯ ಮೇಯರ್ ಡಿಲೆಸೆಪ್ಸ್ ಮಾರಿಸನ್ ಸೇರಿದಂತೆ ಎಲ್ಲರನ್ನೂ ಮೊದಲ ಸುತ್ತಿನಲ್ಲೇ ಸೋಲಿಸಿದ. ಅವನಿಗೆ ಬಿದ್ದ ಮತಗಳಲ್ಲಿ ಕರಿಯರದೂ ಇದ್ದವು. ಬಿಳಿಯರಿಗಷ್ಟೇ ಮೀಸಲಾದ ಪ್ರಾಥಮಿಕ ಚುನಾವಣೆಯನ್ನು 1944ರಲ್ಲಿ ಸುಪ್ರೀಂ ಕೋರ್ಟ್ ರದ್ದುಗೊಳಿಸಿದ ಮೇಲೆ ಕರಿಯ ಮತದಾರರು ನಿಧಾನವಾಗಿ ಹೆಚ್ಚಿ 1956ರಲ್ಲಿ 1,61,000 ದಾಟಿದ್ದರು. ಲಾಂಗ್ ಬಣದ ಹಿಂದಿನ ಲೆಕ್ಕಾಚಾರ ಬಡವ ಮತ್ತು ಬಲ್ಲಿದ ಎಂಬ ಗೆರೆಯ ಮೇಲೆ ನಿಂತಿತ್ತು. ಶಾಲೆಗಳಲ್ಲಿ ಜನಾಂಗ ವಿಂಗಡಣೆ ಸಲ್ಲದೆಂಬ 1954ರ ತೀರ್ಪಿನ ನಂತರ ಆ ಗೆರೆ ಅಳಿಸಿ ಕರಿಯ ಮತ್ತು ಬಿಳಿಯ ಎಂಬ ಗೆರೆ ಮೂಡಿತು. ಗುಡ್ಡಗಾಡಿನ ಬಡ ಬಿಳಿಯರೇ, ಅಂದರೆ ಬಣದ ಮೂಲ ಮತದಾರರೇ, ವಿಂಗಡಣೆಯ ಕಡೆ ಹೋದರು. ಲಾಂಗ್ ಯಂತ್ರವನ್ನು ಮುರಿದದ್ದು ಸುಧಾರಕರಿಗಿಂತ ಹೆಚ್ಚಾಗಿ ಈ ಬದಲಾವಣೆ.

ರಾಜ್ಯ ಸೆನೆಟರ್ ವಿಲ್ಲಿ ರೈನಾಕ್ ಮತ್ತು ಬಿಳಿಯ ನಾಗರಿಕರ ಮಂಡಳಿಗಳು ಸಣ್ಣಪುಟ್ಟ ಕಾಗುಣಿತ ತಪ್ಪು ಹಿಡಿದು ಕರಿಯರ ಹೆಸರುಗಳನ್ನು ಮತಪಟ್ಟಿಯಿಂದ ಕಿತ್ತುಹಾಕತೊಡಗಿದಾಗ ಅರ್ಲ್ ಅದನ್ನು ತಡೆಯಲು ನಿಂತ. ಅದರಲ್ಲಿ ನ್ಯಾಯಪ್ರಜ್ಞೆ ಎಷ್ಟು, ಮತದ ಲೆಕ್ಕ ಎಷ್ಟು ಎಂದು ಬಿಡಿಸಿ ನೋಡುವುದು ಕಷ್ಟ, ಎರಡೂ ಇದ್ದವು. 1959ರ ಮೇ ತಿಂಗಳಲ್ಲಿ ಶಾಸನಸಭೆಯ ಮುಂದೆ ಈ ವಿಷಯವಾಗಿ ಮಾತಾಡುತ್ತ ಅವನು ಹಿಡಿತ ತಪ್ಪಿ ಕೂಗಾಡಿದ, ಬೈದ. ಕುಡಿತ, ಮಾತ್ರೆ, ಹೃದಯದ ಕಾಯಿಲೆಗಳಿಂದ ದೇಹ ಆಗಲೇ ಜರ್ಜರಿತವಾಗಿತ್ತು. ಹೆಂಡತಿ ಬ್ಲಾಂಚ್ ಮತ್ತು ರಸೆಲ್ ಸೇರಿ ಅವನನ್ನು ಟೆಕ್ಸಾಸ್‌ನ ಗಾಲ್ವೆಸ್ಟನ್‌ನ ಮಾನಸಿಕ ಚಿಕಿತ್ಸಾಲಯಕ್ಕೆ ಕಳಿಸಿದರು. ಅಲ್ಲಿಂದ ಬಿಡಿಸಿಕೊಂಡು ಬಂದವನನ್ನು ಲೂಯಿಸಿಯಾನಾದ ಮ್ಯಾಂಡೆವಿಲ್‌ನ ಸರಕಾರಿ ಆಸ್ಪತ್ರೆಗೆ ಸೇರಿಸಲಾಯಿತು. ಆಸ್ಪತ್ರೆಯಲ್ಲಿದ್ದರೂ ಗವರ್ನರ್ ಗವರ್ನರೇ. ಅವನನ್ನು ಹಿಡಿದಿಟ್ಟ ಅಧಿಕಾರಿಗಳನ್ನೇ ಕೆಲಸದಿಂದ ತೆಗೆಸಿ ಜೂನ್ ಕೊನೆಗೆ ಹೊರಗೆ ಬಂದ. ಅಣ್ಣನ ಯಂತ್ರದ ಮೊದಲ ಸೂತ್ರವನ್ನು, ಅಂದರೆ ನೇಮಕದ ಅಧಿಕಾರವನ್ನು, ಲಾಂಗ್ ಒಬ್ಬ ಕೊನೆಯ ಬಾರಿ ಚಲಾಯಿಸಿದ್ದು ಹೀಗೆ. ಆ ವರ್ಷದ ಕೊನೆಗೆ ಲೆಫ್ಟಿನೆಂಟ್ ಗವರ್ನರ್ ಸ್ಥಾನಕ್ಕೆ ನಿಂತು ಸೋತ. 1960ರ ಆಗಸ್ಟ್‌ನಲ್ಲಿ ಅಮೆರಿಕದ ಸಂಸತ್ತಾದ ಕಾಂಗ್ರೆಸ್‌ನ ಸ್ಥಾನವೊಂದರ ಪ್ರಾಥಮಿಕ ಚುನಾವಣೆ ಗೆದ್ದು, ಸೆಪ್ಟೆಂಬರ್ 5ರಂದು ತೀರಿಕೊಂಡ.

ಆ ಬಳಿಕ ರಾಜ್ಯಮಟ್ಟದ ಸಂಘಟನೆ ಚದುರಿತು. 1963-64ರ ಗವರ್ನರ್ ಚುನಾವಣೆಯಲ್ಲಿ ಮನೆತನದ ಗಿಲಿಸ್ ಲಾಂಗ್ ಕಣದಲ್ಲಿದ್ದರೂ ಬ್ಲಾಂಚ್ ಲಾಂಗ್ ಬೇರೊಬ್ಬ ಅಭ್ಯರ್ಥಿ ಜಾನ್ ಮೆಕೀತನ್‌ನ ಪ್ರಚಾರ ನಡೆಸಿದಳು, ಅವನೇ ಗೆದ್ದ. 1966ರಲ್ಲಿ ಸಂವಿಧಾನ ತಿದ್ದಿ ಗವರ್ನರ್‌ಗೆ ಸತತ ಎರಡನೆಯ ಅವಧಿಗೆ ಅವಕಾಶ ಕೊಟ್ಟದ್ದರಿಂದ ಬಣಗಳ ಹಳೆಯ ಸರದಿಯೂ ಮುಗಿಯಿತು.

ಹೆಸರು ಮಾತ್ರ ಮಧ್ಯ ಲೂಯಿಸಿಯಾನಾದ ಎಂಟನೆಯ ಕಾಂಗ್ರೆಸ್ ಕ್ಷೇತ್ರದಲ್ಲಿ ಗಟ್ಟಿಯಾಗಿ ಉಳಿಯಿತು. ಹ್ಯೂಯಿಯ ಅಣ್ಣ, ದಂತವೈದ್ಯ ಜಾರ್ಜ್ ಲಾಂಗ್ 1953ರಿಂದ 1958ರವರೆಗೆ ಅಲ್ಲಿಯ ಸದಸ್ಯ. ಗಿಲಿಸ್ 1962ರಲ್ಲಿ ಗೆದ್ದ. ಎರಡು ವರ್ಷದ ನಂತರ ಅವನು ನಾಗರಿಕ ಹಕ್ಕುಗಳ ಬಗ್ಗೆ ಮೆದುವೆಂದು ದೂರಿ ಮನೆತನದ್ದೇ ದೂರದ ನೆಂಟ ಸ್ಪೀಡಿ ಲಾಂಗ್ ಸೋಲಿಸಿದ. 1972ರಲ್ಲಿ ಸ್ಪೀಡಿ ಹಿಂದೆ ಸರಿದಾಗ ಗಿಲಿಸ್ ಮರಳಿದ. 1985ರಲ್ಲಿ ಅವನು ತೀರಿಕೊಂಡ ಮೇಲೆ ಹೆಂಡತಿ ಕ್ಯಾಥಿ ಉಳಿದ ಅವಧಿ ಪೂರೈಸಿದಳು.

ರಸೆಲ್ ಲಾಂಗ್‌ಗೆ ಯಂತ್ರದ ಹಂಗಿರಲಿಲ್ಲ. 1948ರಿಂದ 1987ರವರೆಗೆ ಸೆನೆಟ್‌ನಲ್ಲಿದ್ದು, 1966ರಿಂದ 1981ರವರೆಗೆ ಹಣಕಾಸು ಸಮಿತಿಯ ಅಧ್ಯಕ್ಷನಾಗಿ ದೇಶದ ತೆರಿಗೆ ಕಾನೂನಿನ ಮೇಲೆ ಯಾವ ಗವರ್ನರ್‌ಗೂ ಇಲ್ಲದ ಹಿಡಿತ ಪಡೆದ. ಕಡಿಮೆ ಸಂಬಳದ ದುಡಿಮೆಗಾರರಿಗೆ ತೆರಿಗೆಯಲ್ಲೇ ಸಹಾಯಧನ ಕೊಡುವ 1975ರ ಕಾನೂನು, ನೌಕರರಿಗೆ ಕಂಪನಿಯ ಷೇರು ಕೊಡಿಸುವ ಯೋಜನೆಗಳು ಅವನ ಮುತುವರ್ಜಿಯಿಂದ ಬಂದವು. ಅದೇ ರಸೆಲ್ ತೈಲ ಕಂಪನಿಗಳಿಗೆ ಸಿಗುತ್ತಿದ್ದ ತೆರಿಗೆ ರಿಯಾಯಿತಿಯನ್ನು ದಶಕಗಳ ಕಾಲ ಕಾಪಾಡಿದ. ಅಪ್ಪ ಯಾರ ವಿರುದ್ಧ ಕೂಗಿ ಗದ್ದುಗೆ ಏರಿದ್ದನೋ ಅವರ ಹಿತ ಕಾಯುವ ಸೆನೆಟರ್‌ಗಳಲ್ಲಿ ಮಗನೇ ಮುಂದಿನ ಸಾಲಿನವನು. ತೈಲವೇ ರಾಜ್ಯದ ವರಮಾನವಾದ ಮೇಲೆ ಲೂಯಿಸಿಯಾನಾದ ಯಾವ ಸೆನೆಟರ್‌ಗೂ ಬೇರೆ ದಾರಿ ಇರಲಿಲ್ಲವೆಂಬುದೂ ನಿಜ. 1990ರ ಜನಗಣತಿಯ ನಂತರ ರಾಜ್ಯ ಒಂದು ಸ್ಥಾನ ಕಳೆದುಕೊಂಡು ಎಂಟನೆಯ ಕ್ಷೇತ್ರವೇ ಇಲ್ಲವಾಯಿತು. 2008ರಿಂದ 2020ರವರೆಗೆ ರಾಜ್ಯ ಸೆನೆಟ್‌ನಲ್ಲಿ ಕೂತ ಜೆರಾಲ್ಡ್ ಲಾಂಗ್ ಅದೇ ಮನೆತನದವನು. ಗೆದ್ದದ್ದು ರಿಪಬ್ಲಿಕನ್ ಟಿಕೆಟ್ ಮೇಲೆ.